ನಾರ್‌ಅಡ್ರಿನಲಿನ್ ಇನ್‌ಫ್ಯೂಷನ್: ಆಂಪೂಲ್‌ನಿಂದ ರಕ್ತನಾಳದವರೆಗೆ

ಬಿಪಿ ಕುಸಿದ ರೋಗಿಗೆ, ನಾಳಗಳನ್ನು ಬಿಗಿಗೊಳಿಸಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಶುರುಮಾಡಿ ಎಂದು ಕೇಸ್‌ಶೀಟಿನಲ್ಲಿ ಬರೆಯಲು ಅರ್ಧ ನಿಮಿಷ ಸಾಕು. ಬರೆದದ್ದು ರೋಗಿಯ ರಕ್ತಕ್ಕೆ ಸೇರಬೇಕಾದರೆ ಆಂಪೂಲ್, ಸಿರಿಂಜ್, ಪಂಪ್, ಎಕ್ಸ್‌ಟೆನ್ಷನ್ ಲೈನ್, ತ್ರೀ-ವೇ (ಮೂರು ದಾರಿಯ ಕವಾಟ), ಕ್ಯಾನುಲಾ (ನಾಳದೊಳಗಿನ ಕೊಳವೆ) ಇಷ್ಟನ್ನೂ ದಾಟಿ ಬರಬೇಕು. ತಪ್ಪುಗಳು ಹೆಚ್ಚಾಗಿ ಆಗುವುದು ಈ ದಾರಿಯಲ್ಲಿ. ಔಷಧದ ಅರ್ಧಾಯು ಸುಮಾರು ಎರಡು ನಿಮಿಷ. ಹರಿವು ನಿಂತರೆ ಒಂದೆರಡು ನಿಮಿಷದಲ್ಲೇ ಬಿಪಿ ಜಾರುತ್ತದೆ. ಲೈನಿನಲ್ಲಿ ನಿಂತಿದ್ದ ಅರ್ಧ ಮಿಲಿ ಒಮ್ಮೆಗೇ ಒಳನುಗ್ಗಿದರೆ ಮೇಲಿನ ಬಿಪಿ 200 ದಾಟಬಹುದು. ಆದ್ದರಿಂದ ಇಲ್ಲಿ ಡೋಸಿನಷ್ಟೇ ಮಾತು ಹರಿವಿನ ಬಗ್ಗೆಯೂ ಇದೆ.

ಐಸಿಯು, ತುರ್ತು ಚಿಕಿತ್ಸಾ ವಿಭಾಗ, ಆಪರೇಷನ್ ಥಿಯೇಟರ್‌ಗಳಲ್ಲಿ ಕೆಲಸ ಮಾಡುವ ನರ್ಸ್‌ಗಳು ಮತ್ತು ಕಿರಿಯ ವೈದ್ಯರಿಗಾಗಿ ಇದನ್ನು ಬರೆದಿದೆ. ಡೋಸುಗಳೆಲ್ಲ ವಯಸ್ಕರವು. ನಿಮ್ಮ ವಿಭಾಗದಲ್ಲಿ ಬೇರೆ ಸಾಂದ್ರತೆಯ ದ್ರಾವಣ ರೂಢಿಯಲ್ಲಿದ್ದರೆ ಅದನ್ನೇ ಪಾಲಿಸಿ. ಒಂದೇ ವಾರ್ಡಿನಲ್ಲಿ ಎರಡು ಸಾಂದ್ರತೆಗಳು ಓಡಾಡುವುದಕ್ಕಿಂತ ದೊಡ್ಡ ಅಪಾಯ ಈ ಔಷಧದ ವಿಷಯದಲ್ಲಿ ಕಡಿಮೆ.

ಶುರುಮಾಡುವ ಮುನ್ನ

ಮೊದಲು ಬಿಪಿ ನಿಜವಾಗಿಯೂ ಕಡಿಮೆಯಿದೆಯೇ ನೋಡಿ. ತೋಳಿಗೆ ಹೋಲಿಸಿದರೆ ಕಫ್ ದೊಡ್ಡದಾಗಿದ್ದರೆ ಸಂಖ್ಯೆ ಕಡಿಮೆ ತೋರಿಸುತ್ತದೆ, ಚಿಕ್ಕದಾಗಿದ್ದರೆ ಹೆಚ್ಚು. ಕಫ್‌ನೊಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಸುಮಾರು 40% ಇರಬೇಕು. ಇನ್ನೊಂದು ತೋಳಿನಲ್ಲೂ ಒಮ್ಮೆ ಅಳೆಯಿರಿ. ಮಾನಿಟರ್‌ನಲ್ಲಿ ಆವರಣದೊಳಗೆ ಕಾಣುವ ಸರಾಸರಿ ಒತ್ತಡ, ಅಂದರೆ ಎಂಎಪಿ, ಇಲ್ಲಿ ಮುಖ್ಯ. ಅದು ಕಾಣದಿದ್ದರೆ ಕೆಳಗಿನ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಮೇಲಿನದನ್ನು ಕೂಡಿಸಿ, ಮೂರರಿಂದ ಭಾಗಿಸಿ. 80/50 ಇದ್ದರೆ ಎಂಎಪಿ 60.

ನಂತರ ಕೇಳಿಕೊಳ್ಳಬೇಕಾದದ್ದು: ಈ ಶಾಕ್‌ಗೆ, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿಗೆ, ನಾರ್‌ಅಡ್ರಿನಲಿನ್ ಉತ್ತರವೇ? ಈ ಔಷಧ ಮುಖ್ಯವಾಗಿ ಆಲ್ಫಾ-1 ಗ್ರಾಹಕಗಳ ಮೂಲಕ ಸಡಿಲಗೊಂಡ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಬೀಟಾ-1 ಮೂಲಕ ಹೃದಯಕ್ಕೂ ಸ್ವಲ್ಪ ಬಲ ಕೊಡುತ್ತದೆ. ಹಾಗಾಗಿ ನಂಜಿನಿಂದ ಬಂದ ಶಾಕ್‌ಗೆ ಅದು ಮೊದಲ ಆಯ್ಕೆ. ರಕ್ತ ಸೋರಿ ಬಿಪಿ ಬಿದ್ದಿದ್ದರೆ ಸೋರಿಕೆ ನಿಲ್ಲಿಸಬೇಕು, ರಕ್ತ ಕೊಡಬೇಕು. ಖಾಲಿಯಾದ ನಾಳವನ್ನು ಹಿಂಡಿದರೆ ಮಾನಿಟರ್‌ನ ಸಂಖ್ಯೆ ಏರುತ್ತದೆ, ಅಂಗಾಂಗಗಳಿಗೆ ರಕ್ತ ಮಾತ್ರ ಹೋಗುವುದಿಲ್ಲ. ಎದೆಗೂಡಿನಲ್ಲಿ ಗಾಳಿ ಒತ್ತುತ್ತಿದ್ದರೆ ಅದನ್ನು ಹೊರಬಿಡಬೇಕು, ಹೃದಯದ ಸುತ್ತ ದ್ರವ ಕಟ್ಟಿಕೊಂಡಿದ್ದರೆ ತೆಗೆಯಬೇಕು. ತೀವ್ರ ಅಲರ್ಜಿಯಾದ ಅನಾಫಿಲ್ಯಾಕ್ಸಿಸ್‌ಗೆ ಮೊದಲ ಮದ್ದು ಅಡ್ರಿನಲಿನ್ 0.5 ಮಿಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ. ಗುಣ ಕಾಣದಿದ್ದರೆ 5 ನಿಮಿಷದ ನಂತರ ಮತ್ತೊಮ್ಮೆ.

ನಂಜಿನ ಶಾಕ್‌ನಲ್ಲಿ ದ್ರವ ಮೊದಲೋ ನಾರ್‌ಅಡ್ರಿನಲಿನ್ ಮೊದಲೋ ಎಂಬ ಚರ್ಚೆಯಲ್ಲಿ ಸಮಯ ಕಳೆಯಬೇಡಿ. ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್‌ನ 2021ರ ಮಾರ್ಗಸೂಚಿ ಮೊದಲ 3 ಗಂಟೆಗಳಲ್ಲಿ ಕೆಜಿಗೆ ಕನಿಷ್ಠ 30 ಮಿಲಿಯಷ್ಟು ಕ್ರಿಸ್ಟಲಾಯ್ಡ್ ದ್ರವ (ಸಲೈನ್‌ನಂಥದ್ದು) ಕೊಡಲು ಸೂಚಿಸುತ್ತದೆ. ಅಷ್ಟೂ ಹೋಗಿ ಮುಗಿಯಲಿ ಎಂದು ಕಾಯಬೇಕಿಲ್ಲ. ಕೆಳಗಿನ ಬಿಪಿ 40ರ ಆಸುಪಾಸಿಗೆ ಇಳಿದಿದ್ದರೆ ನಾಳಗಳು ಪೂರ್ತಿ ಸಡಿಲಗೊಂಡಿವೆ ಎಂದರ್ಥ. ಆಗ ದ್ರವ ಓಡುತ್ತಿರುವಾಗಲೇ ಪಂಪ್ ಶುರುವಾಗಲಿ.

ಆಂಪೂಲ್ ಮೇಲಿನ ಬರಹ

ನಾರ್‌ಅಡ್ರಿನಲಿನ್ ಬರುವುದು ಬೈಟಾರ್ಟ್ರೇಟ್ ಲವಣದ ರೂಪದಲ್ಲಿ. 2 ಮಿಗ್ರಾಂ ಲವಣ ಎಂದರೆ 1 ಮಿಗ್ರಾಂ ಶುದ್ಧ ನಾರ್‌ಅಡ್ರಿನಲಿನ್, ಅಂದರೆ ಬೇಸ್. ಕೆಲವು ತಯಾರಕರು ಲೇಬಲ್ ಮೇಲೆ ಲವಣದ ತೂಕ ಹಾಕುತ್ತಾರೆ, ಕೆಲವರು ಬೇಸ್‌ನದ್ದು. ಒಂದನ್ನು ಇನ್ನೊಂದೆಂದು ಓದಿದರೆ ಡೋಸ್ ದುಪ್ಪಟ್ಟಾಗುತ್ತದೆ ಅಥವಾ ಅರ್ಧಕ್ಕೆ ಇಳಿಯುತ್ತದೆ. ಹೊಸ ಬ್ರ್ಯಾಂಡಿನ ಪೆಟ್ಟಿಗೆ ಬಂದ ದಿನ ಇಬ್ಬರು ಸೇರಿ ಲೇಬಲ್ ಓದುವ ಪದ್ಧತಿ ಇಟ್ಟುಕೊಳ್ಳಿ. ಈ ಲೇಖನದ ಲೆಕ್ಕವೆಲ್ಲ ಬೇಸ್‌ನಲ್ಲಿದೆ.

ದ್ರಾವಣ ನೀರಿನಂತೆ ತಿಳಿಯಾಗಿರಬೇಕು. ಗುಲಾಬಿ, ಹಳದಿ ಅಥವಾ ಕಂದು ಛಾಯೆ ಕಂಡರೆ ಔಷಧ ಆಕ್ಸಿಡೀಕರಣಗೊಂಡಿದೆ; ಚೆಲ್ಲಿಬಿಡಿ.

ಬೆರೆಸುವುದು ಮತ್ತು ಲೆಕ್ಕ

ಸಿರಿಂಜ್ ಪಂಪ್‌ಗೆ: 4 ಮಿಗ್ರಾಂ ಬೇಸ್ ತೆಗೆದುಕೊಂಡು 5% ಡೆಕ್ಸ್‌ಟ್ರೋಸ್ ಸೇರಿಸಿ ಒಟ್ಟು 50 ಮಿಲಿ ಮಾಡಿ. ಮಿಲಿಗೆ 1 ಮಿಗ್ರಾಂ ಇರುವ ಆಂಪೂಲ್ ಆದರೆ ಔಷಧ 4 ಮಿಲಿ, ಡೆಕ್ಸ್‌ಟ್ರೋಸ್ 46 ಮಿಲಿ. ಆಗ ಮಿಲಿಗೆ 80 ಮೈಕ್ರೋಗ್ರಾಂ. ಬಾಟಲಿಯಲ್ಲಿ ಕೊಡುವುದಾದರೆ 250 ಮಿಲಿ ಡೆಕ್ಸ್‌ಟ್ರೋಸ್‌ನಿಂದ 4 ಮಿಲಿ ಹೊರತೆಗೆದು ಅಷ್ಟೇ ಔಷಧ ಸೇರಿಸಿ. ಮಿಲಿಗೆ 16 ಮೈಕ್ರೋಗ್ರಾಂ ಆಗುತ್ತದೆ. ಡೆಕ್ಸ್‌ಟ್ರೋಸ್ ಏಕೆಂದರೆ ಅದು ಔಷಧ ಆಕ್ಸಿಡೀಕರಣಗೊಳ್ಳದಂತೆ ಕಾಯುತ್ತದೆ. ಬರೀ ನಾರ್ಮಲ್ ಸಲೈನ್‌ನಲ್ಲಿ ಬೆರೆಸುವ ಆಸ್ಪತ್ರೆಗಳೂ ಇವೆ. ಲೇಬಲ್ ಹೇಳುವುದು ಡೆಕ್ಸ್‌ಟ್ರೋಸ್, ಅಥವಾ ಡೆಕ್ಸ್‌ಟ್ರೋಸ್ ಸಲೈನ್. ಬೆರೆಸಿದ್ದನ್ನು 24 ಗಂಟೆಗಳೊಳಗೆ ಬಳಸಿ. ಸೋಡಿಯಂ ಬೈಕಾರ್ಬೊನೇಟ್ ಹೋಗುತ್ತಿರುವ ಲೈನಿಗೆ ಇದನ್ನು ಎಂದೂ ಸೇರಿಸಬೇಡಿ, ಕ್ಷಾರ ಇದನ್ನು ನಿಷ್ಕ್ರಿಯಗೊಳಿಸುತ್ತದೆ.

ಔಷಧ ಹಾಕಿದ ಮೇಲೆ ಬಾಟಲಿಯನ್ನು ನಾಲ್ಕಾರು ಸಲ ತಲೆಕೆಳಗು ಮಾಡಿ ಬೆರೆಸಿ. ಇಲ್ಲದಿದ್ದರೆ ಔಷಧ ತಳದಲ್ಲೇ ನಿಂತು, ಮೊದಲ ಕೆಲವು ಮಿಲಿಯಲ್ಲೇ ಬಹುಪಾಲು ಹೋಗಿಬಿಡಬಹುದು. ಲೇಬಲ್‌ನಲ್ಲಿ ಔಷಧದ ಹೆಸರು, ಒಟ್ಟು ಮಿಗ್ರಾಂ, ಒಟ್ಟು ಮಿಲಿ, ಮಿಲಿಗೆ ಎಷ್ಟು ಮೈಕ್ರೋಗ್ರಾಂ, ದಿನ, ಗಂಟೆ, ಬೆರೆಸಿದವರ ಮತ್ತು ಪರೀಕ್ಷಿಸಿದವರ ಸಹಿ ಇರಲಿ. ಸಿರಿಂಜಿನ ಮೇಲೊಂದು, ರೋಗಿಯ ಹತ್ತಿರದ ತುದಿಯಲ್ಲಿ ಲೈನಿನ ಮೇಲೊಂದು.

ಲೆಕ್ಕ ಹೀಗೆ: ಡೋಸ್ × ತೂಕ × 60 ÷ ಸಾಂದ್ರತೆ = ಗಂಟೆಗೆ ಮಿಲಿ. 60 ಕೆಜಿ ರೋಗಿಗೆ ಕೆಜಿಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ ಬೇಕು ಎನ್ನಿ. ನಿಮಿಷಕ್ಕೆ 6 ಮೈಕ್ರೋಗ್ರಾಂ, ಗಂಟೆಗೆ 360. ಅದನ್ನು 80ರಿಂದ ಭಾಗಿಸಿದರೆ ಗಂಟೆಗೆ 4.5 ಮಿಲಿ. ಬಾಟಲಿಯ 16 ಮೈಕ್ರೋಗ್ರಾಂ ದ್ರಾವಣವಾದರೆ 22.5 ಮಿಲಿ.

ಕೆಲವರು ಡೋಸನ್ನು ಬರೀ ನಿಮಿಷದ ಲೆಕ್ಕದಲ್ಲಿ ಬರೆಯುತ್ತಾರೆ, ಕೆಲವರು ಕೆಜಿ ಸೇರಿಸಿ. ಇವೆರಡನ್ನು ಅದಲುಬದಲು ಮಾಡಿದರೆ 60 ಕೆಜಿ ರೋಗಿಗೆ 60 ಪಟ್ಟು ತಪ್ಪಾಗುತ್ತದೆ. ಡ್ಯೂಟಿ ಬದಲಾಗುವಾಗ ‘ನಾರ್‌ಅಡ್ 5ರಲ್ಲಿದೆ’ ಎಂದು ಹೇಳಿ ಹೋಗುವುದು ಹೀಗಾಗಿಯೇ ಅಪಾಯಕಾರಿ. 5 ಮಿಲಿಯೇ, 5 ಮೈಕ್ರೋಗ್ರಾಮೇ, ಯಾವ ಸಾಂದ್ರತೆಯದು? ಪೂರ್ತಿ ಹೇಳಿ, ಪೂರ್ತಿ ಬರೆಯಿರಿ.

ಪಂಪ್ ಇಲ್ಲದೆ ಕೊಡಲೇಬೇಕಾದ ಸಂದರ್ಭದಲ್ಲಿ ಮಿಲಿಗೆ 60 ಹನಿಯ ಮೈಕ್ರೋಡ್ರಿಪ್ ಸೆಟ್ ಬಳಸಿ. ಅದರಲ್ಲಿ ಗಂಟೆಗೆ ಎಷ್ಟು ಮಿಲಿಯೋ ನಿಮಿಷಕ್ಕೆ ಅಷ್ಟೇ ಹನಿ: ಮೇಲಿನ ಲೆಕ್ಕದಲ್ಲಿ 22ರಿಂದ 23. ಮಿಲಿಗೆ 20 ಹನಿಯ ಸಾಮಾನ್ಯ ಸೆಟ್ ಇಲ್ಲಿ ಬೇಡ. ಅದರಲ್ಲಿ ನಿಮಿಷಕ್ಕೆ ಏಳೆಂಟು ಹನಿ ಬಿಡಬೇಕಾಗುತ್ತದೆ, ಒಂದು ಹನಿ ಹೆಚ್ಚುಕಡಿಮೆಯಾದರೆ ಡೋಸ್ 13% ಬದಲಾಗುತ್ತದೆ. ಯಾವ ಸೆಟ್ ಆದರೂ ರೋಗಿ ಕೈ ಮಡಚಿದರೆ ಹನಿಯ ವೇಗ ಬದಲಾಗುತ್ತದೆ, ಚಕ್ರದ ಕ್ಲ್ಯಾಂಪ್ ತಾನಾಗಿ ಜಾರುತ್ತದೆ. ಪಂಪ್ ಸಿಗುವವರೆಗೆ ಒಬ್ಬರು ಹಾಸಿಗೆಯ ಪಕ್ಕದಿಂದ ಕದಲಬಾರದು.

ಯಾವ ನಾಳ

ಕುತ್ತಿಗೆ ಅಥವಾ ಕಾಲರ್ ಮೂಳೆಯ ಕೆಳಗಿನ ದೊಡ್ಡ ನಾಳಕ್ಕೆ ಹಾಕುವ ಸೆಂಟ್ರಲ್ ಲೈನ್ ಉತ್ತಮ. ಅದು ಸಿದ್ಧವಾಗಲಿ ಎಂದು ಬಿಪಿ ಕುಸಿದ ರೋಗಿಯನ್ನು ಕಾಯಿಸುವುದು ಸರಿಯಲ್ಲ. 2021ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಕೈಯ ನಾಳದಲ್ಲೇ ಶುರುಮಾಡಬಹುದು, ಆದರೆ ಷರತ್ತುಗಳಿವೆ. ಮೊಣಕೈ ಮಡಿಕೆಯಲ್ಲಿ ಅಥವಾ ಅದಕ್ಕಿಂತ ಮೇಲೆ ದಪ್ಪ ನಾಳ, 18 ಅಥವಾ 20 ಗೇಜ್ ಕ್ಯಾನುಲಾ, ಚುಚ್ಚಿದೊಡನೆ ರಕ್ತ ಸಲೀಸಾಗಿ ಹಿಂದಕ್ಕೆ ಬಂದಿರಬೇಕು, 10 ಮಿಲಿ ಸಲೈನ್ ತಡೆಯಿಲ್ಲದೆ ಒಳಹೋಗಬೇಕು. ಅಂಗೈ ಹಿಂಭಾಗ, ಮಣಿಕಟ್ಟು, ಕಾಲು ಬೇಡ. ಎರಡು ಮೂರು ಸಲ ಚುಚ್ಚಿದ ನಾಳದ ಕೆಳಭಾಗದಲ್ಲಿ ಹಾಕಿದರೆ ಮೇಲಿನ ತೂತುಗಳಿಂದ ಔಷಧ ಸೋರುತ್ತದೆ. ಇಂಥ ಲೈನಿಗೆ 16 ಮೈಕ್ರೋಗ್ರಾಂನ ತೆಳು ದ್ರಾವಣವೇ ಒಳ್ಳೆಯದು. ಮೊದಲ ಗಂಟೆ 15 ನಿಮಿಷಕ್ಕೊಮ್ಮೆ, ಆಮೇಲೆ ಗಂಟೆಗೊಮ್ಮೆ ಜಾಗವನ್ನು ಮುಟ್ಟಿ ನೋಡಿ. ಬ್ಯಾಂಡೇಜಿನಿಂದ ಮುಚ್ಚಿಡಬೇಡಿ. ಸುಮಾರು 6 ಗಂಟೆಗಳೊಳಗೆ ಸೆಂಟ್ರಲ್ ಲೈನಿಗೆ ಬದಲಿಸುವ ಯೋಜನೆ ಇರಲಿ.

ಬಿಪಿ ಕಫ್ ಇನ್ನೊಂದು ತೋಳಿಗೆ. ಅದೇ ತೋಳಿಗೆ ಕಟ್ಟಿದರೆ ಕಫ್ ಉಬ್ಬಿದಾಗಲೆಲ್ಲ ಔಷಧ ನಿಲ್ಲುತ್ತದೆ, ಇಳಿದಾಗ ತಡೆದಿದ್ದದ್ದು ಒಟ್ಟಿಗೆ ಹೋಗುತ್ತದೆ.

ಸೆಂಟ್ರಲ್ ಲೈನಿನಲ್ಲಿ ಒಂದು ಲೂಮೆನ್ (ಒಳಗಿನ ಪ್ರತ್ಯೇಕ ದಾರಿ) ಈ ಔಷಧಕ್ಕೇ ಮೀಸಲು. ಅದರ ಮೂಲಕ ಆಂಟಿಬಯೋಟಿಕ್ ತಳ್ಳುವುದು, ಸಿವಿಪಿ (ಹೃದಯದ ಬಳಿಯ ಅಭಿಧಮನಿಯ ಒತ್ತಡ) ನೋಡುವುದು, ರಕ್ತ ತೆಗೆಯುವುದು ಯಾವುದೂ ಬೇಡ.

ಪಂಪ್ ಜೋಡಿಸುವಾಗ

ಸಿರಿಂಜನ್ನು ಪಂಪಿನಲ್ಲಿ ಕೂರಿಸಿದಾಗ ಪ್ಲಂಜರ್‌ಗೂ ಅದನ್ನು ತಳ್ಳುವ ಭಾಗಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ಸಡಿಲ ಉಳಿದಿರುತ್ತದೆ. ಗಂಟೆಗೆ 4 ಮಿಲಿ ವೇಗದಲ್ಲಿ ಆ ಸಡಿಲ ಮುಗಿಯಲು ಹಲವು ನಿಮಿಷ ಬೇಕು, ಅಷ್ಟು ಹೊತ್ತು ಪರದೆಯ ಮೇಲೆ ಸಂಖ್ಯೆ ಓಡುತ್ತದೆ, ಔಷಧ ಓಡುವುದಿಲ್ಲ. ಆದ್ದರಿಂದ ರೋಗಿಗೆ ಜೋಡಿಸುವ ಮೊದಲೇ ಪಂಪಿನ ಪರ್ಜ್ ಗುಂಡಿ ಒತ್ತಿ, ಲೈನಿನ ತುದಿಯಲ್ಲಿ ಹನಿ ಕಾಣುವವರೆಗೆ ಓಡಿಸಿ. ಜೋಡಿಸಿದ ಮೇಲೆ ಪರ್ಜ್ ಮುಟ್ಟಬೇಡಿ.

ಇನ್ನೊಂದು ವಿಳಂಬ ಕ್ಯಾನುಲಾದ ಒಳಗಿನ ಜಾಗದ್ದು. ಅಲ್ಲಿ ಅರ್ಧ ಮಿಲಿ ಸಲೈನ್ ನಿಂತಿದೆ ಎನ್ನಿ; ಗಂಟೆಗೆ 4.5 ಮಿಲಿ ವೇಗದಲ್ಲಿ ಔಷಧದ ಮೊದಲ ಹನಿ ರಕ್ತ ಸೇರಲು ಸುಮಾರು 7 ನಿಮಿಷ. ತ್ರೀ-ವೇ ಮತ್ತು ಎಕ್ಸ್‌ಟೆನ್ಷನ್ ಸೇರಿ ಒಂದು ಮಿಲಿಯಾದರೆ 13 ನಿಮಿಷ. ಈ ಹೊತ್ತಿನಲ್ಲಿ ‘ಕೆಲಸ ಮಾಡುತ್ತಿಲ್ಲ’ ಎಂದುಕೊಂಡು ವೇಗವನ್ನು ನಾಲ್ಕು ಪಟ್ಟು ಏರಿಸಿದರೆ, ಔಷಧ ತಲುಪಿದ ಕ್ಷಣ ಬಿಪಿ ಹಾರುತ್ತದೆ. ಹೊಸಬರು ಹೆಚ್ಚು ಎಡವುವುದು ಇಲ್ಲೇ. ಔಷಧದ ಲೈನು ಕ್ಯಾನುಲಾಗೆ ನೇರವಾಗಿ, ಮಧ್ಯೆ ಆದಷ್ಟು ಕಡಿಮೆ ತುಂಡುಗಳೊಂದಿಗೆ, ಸೇರಲಿ. ಅದೇ ಲೂಮೆನ್‌ನಲ್ಲಿ ಬೇರೆ ದ್ರವ ಓಡುತ್ತಿದ್ದರೆ ಅದರ ವೇಗ ಬದಲಾದಾಗಲೆಲ್ಲ ಇದರ ಡೋಸೂ ಸ್ವಲ್ಪ ಹೊತ್ತು ಬದಲಾಗುತ್ತದೆ.

ಪಂಪ್ ಹೆಚ್ಚುಕಡಿಮೆ ರೋಗಿಯ ಎದೆಯ ಮಟ್ಟದಲ್ಲಿರಲಿ. ಸ್ಟ್ಯಾಂಡಿನಲ್ಲಿ ಏಕಾಏಕಿ ಮೇಲೇರಿಸಿದರೆ ಒಂದಿಷ್ಟು ಔಷಧ ಹೆಚ್ಚಾಗಿ ನುಗ್ಗುತ್ತದೆ, ಕೆಳಗಿಳಿಸಿದರೆ ಕೆಲ ಹೊತ್ತು ನಿಲ್ಲುತ್ತದೆ. ರೋಗಿಯನ್ನು ಸ್ಕ್ಯಾನ್‌ಗೆ ಸಾಗಿಸುವಾಗ ಬಿಪಿ ಏರಿಳಿಯುವುದಕ್ಕೆ ಇದೂ ಒಂದು ಕಾರಣ. ಲೈನಿನ ಕ್ಲ್ಯಾಂಪ್ ಹಾಕದೆ ಸಿರಿಂಜನ್ನು ಪಂಪಿನಿಂದ ಎಂದೂ ಬಿಡಿಸಬೇಡಿ. ಸಿರಿಂಜ್ ರೋಗಿಗಿಂತ ಎತ್ತರದಲ್ಲಿದ್ದರೆ ಔಷಧ ತಾನೇ ಇಳಿದುಹೋಗುತ್ತದೆ.

‘ಅಕ್ಲೂಷನ್’ (ಹರಿವಿಗೆ ತಡೆ) ಅಲಾರಂ ಬಂದರೆ ಲೈನಿನೊಳಗೆ ಒತ್ತಡ ಕಟ್ಟಿಕೊಂಡಿದೆ. ತಿರುಚಿದ ಲೈನನ್ನು ಸರಿಪಡಿಸುವ ಆತುರದಲ್ಲಿ ನೇರವಾಗಿ ರೋಗಿಯ ಕಡೆಗೆ ತೆರೆದರೆ ಆ ಒತ್ತಡವೆಲ್ಲ ಒಂದೇ ಬಾರಿಗೆ ಒಳಹೋಗುತ್ತದೆ. ಮೊದಲು ತ್ರೀ-ವೇಯನ್ನು ರೋಗಿಯ ಕಡೆಗೆ ಮುಚ್ಚಿ, ಹೊರಕ್ಕೆ ತೆರೆದು ಒತ್ತಡ ಬಿಡಿ, ಆಮೇಲೆ ಹರಿವು. ವೇಗ ಕಡಿಮೆಯಿದ್ದಷ್ಟೂ ಈ ಅಲಾರಂ ತಡವಾಗಿ ಬರುತ್ತದೆ ಎಂಬುದು ನೆನಪಿರಲಿ. ಅಲಾರಂಗಿಂತ ಮೊದಲು ಬಿಪಿ ಬಿದ್ದಿರುತ್ತದೆ.

ಏರಿಸುವುದು

ಕೆಜಿಗೆ ನಿಮಿಷಕ್ಕೆ 0.05ರಿಂದ 0.1 ಮೈಕ್ರೋಗ್ರಾಂನಿಂದ ಶುರುಮಾಡಿ. ಔಷಧ ರಕ್ತ ಸೇರಿದ್ದು ಖಚಿತವಾದ ಮೇಲೆ 3ರಿಂದ 5 ನಿಮಿಷಕ್ಕೊಮ್ಮೆ 0.02ರಿಂದ 0.05ರಷ್ಟು ಏರಿಸಿ. ಗುರಿ ಎಂಎಪಿ 65 ಮಿ.ಮೀ. ಪಾದರಸ. ಇನ್ನೂ ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂದು ಅನಿಸುವುದು ಸಹಜ. 2014ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಸೆಪ್ಸಿಸ್‌ಪ್ಯಾಮ್ ಅಧ್ಯಯನ 776 ರೋಗಿಗಳಲ್ಲಿ 65–70 ಮತ್ತು 80–85ರ ಗುರಿಗಳನ್ನು ಹೋಲಿಸಿತು. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ, ಹೆಚ್ಚಿನ ಗುರಿಯ ಗುಂಪಿನಲ್ಲಿ ಹೃದಯದ ಲಯ ತಪ್ಪುವುದು ಹೆಚ್ಚಿತ್ತು. ಮೊದಲಿನಿಂದಲೂ ಅಧಿಕ ರಕ್ತದೊತ್ತಡ ಇದ್ದವರಲ್ಲಿ ಮಾತ್ರ ಹೆಚ್ಚಿನ ಗುರಿಯಿಂದ ಡಯಾಲಿಸಿಸ್‌ನಂಥ ಮೂತ್ರಪಿಂಡ ಚಿಕಿತ್ಸೆಯ ಅಗತ್ಯ ಕಡಿಮೆಯಾಯಿತು. ಅಂಥ ರೋಗಿಗಳಿಗೆ ಗುರಿ ಎಷ್ಟಿರಬೇಕೆಂದು ಹಿರಿಯ ವೈದ್ಯರೊಂದಿಗೆ ಮಾತಾಡಿ ಬರೆದಿಡಿ.

ಆರ್ಟೀರಿಯಲ್ ಲೈನ್ (ಅಪಧಮನಿಯೊಳಗೇ ಬಿಪಿ ಅಳೆಯುವ ಕೊಳವೆ) ಹಾಕುವವರೆಗೆ ಕಫ್ ಬಿಪಿ 2–3 ನಿಮಿಷಕ್ಕೊಮ್ಮೆ ನೋಡಿ. ಆರ್ಟೀರಿಯಲ್ ಲೈನ್ ಬಂದ ಮೇಲೆ ಅದರ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ನಾಲ್ಕನೇ ಪಕ್ಕೆಲುಬಿನ ಅಂತರದ ನೇರಕ್ಕೆ, ಕಂಕುಳಿನ ನಡುಗೆರೆಯ ಮಟ್ಟದಲ್ಲಿರಬೇಕು. ಅದು 10 ಸೆಂ.ಮೀ. ಕೆಳಗಿದ್ದರೆ ಬಿಪಿ ಸುಮಾರು 7 ಮಿ.ಮೀ. ಹೆಚ್ಚಾಗಿ ಕಾಣುತ್ತದೆ. ಹಾಸಿಗೆಯನ್ನು ಎತ್ತರಿಸಿದ ಮೇಲೆ ಇದನ್ನು ಮರೆತರೆ 58 ಇರುವುದು 65 ಎಂದು ಕಾಣುತ್ತದೆ, ಎಲ್ಲರೂ ನಿಶ್ಚಿಂತರಾಗಿ ಕೂರುತ್ತಾರೆ.

ಸಂಖ್ಯೆಯೊಂದನ್ನೇ ನೋಡಬೇಡಿ. ಬೆರಳ ತುದಿಯನ್ನು 10 ಸೆಕೆಂಡು ಒತ್ತಿ ಬಿಟ್ಟರೆ 3 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಮೂತ್ರ ಕೆಜಿಗೆ ಗಂಟೆಗೆ 0.5 ಮಿಲಿ ಬರಬೇಕು, ರಕ್ತದ ಲ್ಯಾಕ್ಟೇಟ್ (ಅಂಗಾಂಶಗಳಿಗೆ ಆಮ್ಲಜನಕ ಸಾಲದಾಗ ಏರುವ ವಸ್ತು) ಇಳಿಯಬೇಕು. ಎಂಎಪಿ 70 ಇದ್ದು ಕೈಕಾಲು ತಣ್ಣಗೆ, ಬೆರಳುಗಳು ನೀಲಿ ಆಗುತ್ತಿದ್ದರೆ ನಾವು ನಾಳಗಳನ್ನು ಹಿಂಡುತ್ತಿದ್ದೇವೆ, ಹೃದಯದಿಂದ ರಕ್ತ ಸಾಕಷ್ಟು ಬರುತ್ತಿಲ್ಲ.

ಸಿರಿಂಜ್ ಬದಲಿಸುವುದು

ಇಡೀ ಕೆಲಸದಲ್ಲಿ ರೋಗಿಗೆ ಅತಿ ಅಪಾಯದ ಐದು ನಿಮಿಷ ಇದು. ಖಾಲಿಯಾಗುವ ಅಲಾರಂಗೆ ಕಾಯಬೇಡಿ.

1. ಹಳೆಯದರಲ್ಲಿ ಇನ್ನೂ 30–40 ನಿಮಿಷದ ಔಷಧ ಇರುವಾಗಲೇ ಹೊಸ ಸಿರಿಂಜ್ ಅದೇ ಸಾಂದ್ರತೆಯಲ್ಲಿ ಸಿದ್ಧವಾಗಲಿ, ಲೇಬಲ್ ಅಂಟಿಸಿರಲಿ.

2. ಅದನ್ನು ಎರಡನೇ ಪಂಪಿನಲ್ಲಿ ಕೂರಿಸಿ ಪರ್ಜ್ ಮಾಡಿ, ರೋಗಿಗೆ ಜೋಡಿಸದೆ ಅದೇ ವೇಗದಲ್ಲಿ ಐದು ನಿಮಿಷ ಹೊರಗೆ ಓಡಿಸಿ. ತುದಿಯಲ್ಲಿ ಹನಿ ಕೂಡುತ್ತಿರುವುದು ಕಾಣಬೇಕು.

3. ಹಳೆಯ ಪಂಪ್ ಓಡುತ್ತಿರುವಾಗಲೇ ಹೊಸದನ್ನು ತ್ರೀ-ವೇಗೆ ಸೇರಿಸಿ ತೆರೆಯಿರಿ. ಈಗ ಎರಡೂ ಓಡುತ್ತಿವೆ. ಕಣ್ಣು ಮಾನಿಟರ್ ಮೇಲಿರಲಿ.

4. ಎಂಎಪಿ ಐದು ಹತ್ತು ಏರತೊಡಗಿದೊಡನೆ ಹಳೆಯದನ್ನು ಅರ್ಧಕ್ಕೆ ಇಳಿಸಿ, ಸ್ಥಿರವಾಗಿದ್ದರೆ ನಿಲ್ಲಿಸಿ. ಅದರ ಕಡೆಗೆ ತ್ರೀ-ವೇ ಮುಚ್ಚಿದ ನಂತರವೇ ಕಳಚಿ.

ಒಂದೇ ಪಂಪ್ ಇದ್ದರೆ ಇಬ್ಬರು ನಿಲ್ಲಿ. ತ್ರೀ-ವೇ ಮುಚ್ಚಿ, ಸಿರಿಂಜ್ ಬದಲಿಸಿ, ಲೈನನ್ನು ರೋಗಿಯಿಂದ ಬಿಡಿಸಿ ಹನಿ ಬರುವವರೆಗೆ ಪರ್ಜ್ ಮಾಡಿ, ಮತ್ತೆ ಸೇರಿಸಿ. ಮೊದಲೇ ಕೈಗೆ ಅಭ್ಯಾಸವಾಗಿದ್ದರೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ಡೋಸ್ ಹೆಚ್ಚಿರುವ ರೋಗಿಗೆ ಈ ವಿಧಾನ ನಮಗೆ ಇಷ್ಟವಿಲ್ಲ; ಪಕ್ಕದ ಹಾಸಿಗೆಯಿಂದಾದರೂ ಎರಡನೇ ಪಂಪ್ ತನ್ನಿ.

ಔಷಧ ಚರ್ಮದಡಿ ಸೋರಿದರೆ

ಕ್ಯಾನುಲಾ ಸುತ್ತ ಚರ್ಮ ಬಿಳಿಚಿ, ತಣ್ಣಗಾಗಿ, ಊದಿಕೊಂಡು ನೋಯುತ್ತದೆ. ಬಿಟ್ಟರೆ ಚರ್ಮ ಸತ್ತು ಕಪ್ಪಾಗುತ್ತದೆ. ಔಷಧವನ್ನು ತಕ್ಷಣ ಇನ್ನೊಂದು ನಾಳಕ್ಕೆ ಬದಲಿಸಿ, ಸೋರಿದ ಕಡೆ ನಿಲ್ಲಿಸಿ. ಆ ಕ್ಯಾನುಲಾವನ್ನು ಕೂಡಲೇ ಕಿತ್ತುಹಾಕಬೇಡಿ, ಸಲೈನ್ ತಳ್ಳಲೂ ಬೇಡಿ; ಮೊದಲು ಸಿರಿಂಜಿನಿಂದ ಎಳೆದು ಬಂದಷ್ಟನ್ನು ಹೊರತೆಗೆಯಿರಿ, ಆಮೇಲೆ ತೆಗೆಯಿರಿ. ಕೈ ಎತ್ತರಿಸಿಡಿ. ಇಲ್ಲಿ ಬೆಚ್ಚನೆಯ ಶಾಖ ಕೊಡಬೇಕು. ಐಸ್ ಇಟ್ಟರೆ ನಾಳ ಇನ್ನಷ್ಟು ಬಿಗಿಯುತ್ತದೆ.

ಪ್ರತಿಮದ್ದು ಫೆಂಟೊಲಮೈನ್. 5ರಿಂದ 10 ಮಿಗ್ರಾಂ ಅನ್ನು 10 ಮಿಲಿ ಸಲೈನ್‌ನಲ್ಲಿ ಬೆರೆಸಿ, ಸಪೂರ ಸೂಜಿಯಿಂದ ಬಿಳಿಚಿದ ಜಾಗದ ಅಂಚಿನುದ್ದಕ್ಕೂ ಒಳಕ್ಕೂ ಸ್ವಲ್ಪ ಸ್ವಲ್ಪವೇ ಚುಚ್ಚಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು, 12 ಗಂಟೆ ಮೀರಬಾರದು. ಅದು ಸಿಗದಿದ್ದರೆ 1 ಮಿಗ್ರಾಂ ಟರ್ಬುಟಲಿನ್ ಅನ್ನು 10 ಮಿಲಿ ಸಲೈನ್‌ನಲ್ಲಿ ಬೆರೆಸಿ ಹಾಗೆಯೇ ಚುಚ್ಚಬಹುದು, ಅಥವಾ 2% ನೈಟ್ರೊಗ್ಲಿಸರಿನ್ ಮುಲಾಮು ಹಚ್ಚಬಹುದು. ಇವುಗಳಿಂದ ಬಿಪಿ ಇಳಿಯಬಹುದಾದ್ದರಿಂದ ಮಾನಿಟರ್ ಗಮನಿಸುತ್ತಿರಿ. ಊದಿದ ಜಾಗದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯಿರಿ.

ಏರಿಸಿದರೂ ಬಿಪಿ ಏರದಿದ್ದರೆ

ಮೊದಲು ಲೈನ್ ನೋಡಿ, ಆಮೇಲೆ ರೋಗಿ, ಕೊನೆಗೆ ಹೊಸ ಔಷಧ. ಸಿರಿಂಜಿನಿಂದ ಚರ್ಮದವರೆಗೆ ಲೈನನ್ನು ಬೆರಳಿನಿಂದ ಹಿಂಬಾಲಿಸಿ: ತ್ರೀ-ವೇ ಮುಚ್ಚಿದೆಯೇ, ಜೋಡಣೆ ಸಡಿಲವಾಗಿ ಹಾಸಿಗೆ ಒದ್ದೆಯಾಗಿದೆಯೇ, ಹೊದಿಕೆಯಡಿ ಲೈನ್ ಮಡಿಸಿಕೊಂಡಿದೆಯೇ, ಸಿರಿಂಜಿನ ಸಾಂದ್ರತೆಯೂ ಪಂಪಿನಲ್ಲಿ ನಮೂದಿಸಿದ್ದೂ ಒಂದೇನಾ. ಲೈನ್ ಸರಿಯಿದ್ದರೆ ಒಳಗೆಲ್ಲೋ ರಕ್ತ ಸೋರುತ್ತಿದೆಯೇ, ಸೆಂಟ್ರಲ್ ಲೈನ್ ಹಾಕುವಾಗ ಎದೆಗೂಡಿಗೆ ಗಾಳಿ ಸೇರಿತೇ, ರಕ್ತ ಆಮ್ಲೀಯವಾಗಿದೆಯೇ, ಅಯಾನೀಕೃತ ಕ್ಯಾಲ್ಸಿಯಂ ಇಳಿದಿದೆಯೇ, ಎಕೋದಲ್ಲಿ ಹೃದಯ ಹೇಗೆ ಬಡಿಯುತ್ತಿದೆ ಎಂದು ನೋಡಿ. ನಂಜಿನ ಮೂಲ, ಅಂದರೆ ಕೀವುಗಟ್ಟಿದ ಜಾಗ, ಹಾಗೇ ಉಳಿದಿದ್ದರೆ ಯಾವ ಡೋಸೂ ಸಾಲದು.

ನಾರ್‌ಅಡ್ರಿನಲಿನ್ ಕೆಜಿಗೆ ನಿಮಿಷಕ್ಕೆ 0.25ರಿಂದ 0.5 ಮೈಕ್ರೋಗ್ರಾಂ ತಲುಪಿದಾಗ ಅದನ್ನೇ ಇನ್ನೂ ಏರಿಸುತ್ತ ಹೋಗುವ ಬದಲು ವ್ಯಾಸೊಪ್ರೆಸಿನ್ ಸೇರಿಸುವುದು ವಾಡಿಕೆ. ನಿಮಿಷಕ್ಕೆ 0.03 ಯೂನಿಟ್, ಒಂದೇ ವೇಗದಲ್ಲಿ. 20 ಯೂನಿಟ್‌ಗಳನ್ನು 50 ಮಿಲಿಯಲ್ಲಿ ಬೆರೆಸಿದರೆ ಗಂಟೆಗೆ 4.5 ಮಿಲಿ. ಇದರ ಡೋಸಿಗೆ ತೂಕದ ಲೆಕ್ಕವಿಲ್ಲ, ಬಿಪಿ ನೋಡಿ ಏರಿಸುವಂಥದ್ದೂ ಅಲ್ಲ. ಹೆಚ್ಚಾದರೆ ಕರುಳು, ಬೆರಳು, ಹೃದಯಕ್ಕೆ ರಕ್ತ ಕಡಿಮೆಯಾಗುತ್ತದೆ. ನಾರ್‌ಅಡ್ರಿನಲಿನ್ 0.25ರಲ್ಲಿ ಅಥವಾ ಅದಕ್ಕಿಂತ ಮೇಲೆ 4 ಗಂಟೆ ಕಳೆದಿದ್ದರೆ ಹೈಡ್ರೊಕಾರ್ಟಿಸೋನ್ ದಿನಕ್ಕೆ 200 ಮಿಗ್ರಾಂ, ಅಂದರೆ 6 ಗಂಟೆಗೊಮ್ಮೆ 50. ಹೃದಯದ ಬಡಿತವೇ ದುರ್ಬಲವಾಗಿದ್ದರೆ ಡೊಬ್ಯುಟಮೈನ್ ಸೇರಿಸಬೇಕು, ಇಲ್ಲವೇ ಅಡ್ರಿನಲಿನ್ ಬಳಸಬೇಕು. ಅಡ್ರಿನಲಿನ್ ತಾನೇ ಲ್ಯಾಕ್ಟೇಟ್ ಏರಿಸುತ್ತದೆ, ಆ ಏರಿಕೆಯನ್ನು ರೋಗಿ ಹದಗೆಡುತ್ತಿರುವ ಲಕ್ಷಣ ಎಂದು ತಿಳಿಯಬಾರದು.

ಡೋಪಮೈನ್ ಬಗ್ಗೆ ಒಂದು ಮಾತು. 2010ರ ಸೋಪ್-2 ಅಧ್ಯಯನದಲ್ಲಿ 1,679 ರೋಗಿಗಳಿದ್ದರು; ಡೋಪಮೈನ್ ಪಡೆದವರಲ್ಲಿ 24.1% ಮಂದಿಗೆ ಹೃದಯದ ಲಯ ತಪ್ಪಿತು, ನಾರ್‌ಅಡ್ರಿನಲಿನ್ ಪಡೆದವರಲ್ಲಿ 12.4%. ಮೂತ್ರಪಿಂಡ ಉಳಿಸಲು ಕಡಿಮೆ ಡೋಸಿನ ಡೋಪಮೈನ್ ಎಂಬ ಹಳೆಯ ರೂಢಿಗೂ ಆಧಾರ ಉಳಿದಿಲ್ಲ.

ಇಳಿಸುವುದು, ತೆಗೆಯುವುದು

ಎಂಎಪಿ ಕೆಲವು ಗಂಟೆ ಗುರಿಯ ಮೇಲೆ ನಿಂತ ನಂತರ 15–30 ನಿಮಿಷಕ್ಕೊಮ್ಮೆ 0.02ರಿಂದ 0.05ರಷ್ಟು ಇಳಿಸಿ. 65ಕ್ಕಿಂತ ಕೆಳಗೆ ಬಂದರೆ ಹಿಂದಿನ ಮೆಟ್ಟಿಲಿಗೆ ಮರಳಿ, ಒಂದು ಗಂಟೆ ಬಿಟ್ಟು ಮತ್ತೆ ಪ್ರಯತ್ನಿಸಿ. ಎಂಎಪಿ 80 ಇರುವಾಗಲೂ ಇಳಿಸದೆ ರಾತ್ರಿಯಿಡೀ ಅದೇ ವೇಗದಲ್ಲಿ ಬಿಡುವುದು ಸುರಕ್ಷಿತ ಎನಿಸಬಹುದು. ಅಗತ್ಯವಿಲ್ಲದ ಪ್ರತಿ ಗಂಟೆಯ ಔಷಧವೂ ಬೆರಳು, ಕರುಳುಗಳ ರಕ್ತವನ್ನು ಕಸಿದುಕೊಳ್ಳುತ್ತಿರುತ್ತದೆ.

ಪಂಪ್ ನಿಂತ ಮೇಲೂ ಲೈನಿನೊಳಗೆ ಒಂದು ಮಿಲಿ ಉಳಿದಿರಬಹುದು. ಅದರಲ್ಲಿ 80 ಮೈಕ್ರೋಗ್ರಾಂ ಇದೆ, 60 ಕೆಜಿ ರೋಗಿಗೆ 0.1 ಡೋಸಿನಲ್ಲಿ 13 ನಿಮಿಷಕ್ಕೆ ಹೋಗಬೇಕಾದಷ್ಟು. ಮರುದಿನ ಬೇರೊಬ್ಬರು ಅದೇ ಲೂಮೆನ್‌ನಲ್ಲಿ ಆಂಟಿಬಯೋಟಿಕ್ ಹಾಕಿ ಸಲೈನ್ ತಳ್ಳಿದರೆ ಅದಿಷ್ಟೂ ಎರಡು ಸೆಕೆಂಡಿನಲ್ಲಿ ಒಳಹೋಗುತ್ತದೆ. ಆದ್ದರಿಂದ ಎಕ್ಸ್‌ಟೆನ್ಷನ್ ಲೈನನ್ನು ಪೂರ್ತಿ ತೆಗೆದುಹಾಕಿ, ಲೂಮೆನ್‌ನಿಂದ 3–5 ಮಿಲಿ ರಕ್ತ ಎಳೆದು ಚೆಲ್ಲಿ, ಆಮೇಲೆ ಸಲೈನ್ ಹಾಕಿ ಮುಚ್ಚಿ. ಕೈಯ ಕ್ಯಾನುಲಾದಲ್ಲಿ ಓಡಿದ್ದರೆ ಹಾಗೇ ಕಿತ್ತುಬಿಡಿ, ಫ್ಲಶ್ ಮಾಡಬೇಡಿ. ಲೂಮೆನ್ ಮೇಲಿನ ನಾರ್‌ಅಡ್ರಿನಲಿನ್ ಲೇಬಲ್ ಕೀಳುವುದು ಇದೆಲ್ಲ ಮುಗಿದ ನಂತರ.